ಕಿಸೆಯ ಸಂಗೀತಯಂತ್ರಗಳ ಧಾರಣಶಕ್ತಿ

ಜೋಳವನ್ನು ಕೊಳಗದಿಂದ ಅಳೆಯುವಾಗ ಬಾಯಿಯ ಮಟ್ಟಕ್ಕೆ ಕೈಯಾಡಿಸಿ ಅಳೆದರೆ ಒಂದು ಲೆಕ್ಕ. ಗೋಪುರವಾಗುವಂತೆ ತುಂಬಿ ಅಳೆದರೆ ಇನ್ನೊಂದು ಲೆಕ್ಕ. ಕೊಳಗ ಮಾತ್ರ ಒಂದೇ. ಕಿಸೆಯಲ್ಲಿಟ್ಟುಕೊಂಡು ಕೇಳುವ ಸಂಗೀತಯಂತ್ರಗಳ ಡಬ್ಬಿಯ ಮೇಲೆ, ಇದರಲ್ಲಿ ಇಷ್ಟು ಸಾವಿರ ಹಾಡುಗಳು ಹಿಡಿಯುತ್ತವೆ ಎಂದು ಮುದ್ರಿಸಿರುವ ಸಂಖ್ಯೆಯ ಸ್ವರೂಪವೂ ಇಂಥದೇ ಆಗಿದೆ. ಹಾಡು ಎಂದರೆ ಎಷ್ಟು ನಿಮಿಷ, ಅದರ ಧ್ವನಿಯಲ್ಲಿ ಎಷ್ಟನ್ನು ಉಳಿಸಿಕೊಂಡು ಎಷ್ಟನ್ನು ಕೈಬಿಡಲಾಗಿದೆ, ತುಂಬಿದ ಹಾಡುಗಳ ಪಟ್ಟಿಯನ್ನು ಯಂತ್ರವು ಹೇಗೆ ಇಟ್ಟುಕೊಳ್ಳುತ್ತದೆ ಎಂಬ ಮೂರು ಸಂಗತಿಗಳು ತಿಳಿಯದ ಹೊರತು ಆ ಸಂಖ್ಯೆಗೆ ಅರ್ಥವಿಲ್ಲ. ಇವುಗಳಲ್ಲಿ ಎರಡನೆಯದು ಕೇವಲ ವ್ಯಾಪಾರದ ವಿಷಯವಲ್ಲ. ಹಳೆಯ ಧ್ವನಿಮುದ್ರಣಗಳನ್ನು ಕಾಪಾಡಿಕೊಂಡು ಬಂದಿರುವ ಮನೆಗಳಿಗೂ ಸಂಸ್ಥೆಗಳಿಗೂ ಅದು ನೇರವಾಗಿ ಸಂಬಂಧಿಸಿದ್ದು.

ಹಾಲೆಂಡಿನ ಫಿಲಿಪ್ಸ್ ಕಂಪನಿಯು ೧೯೬೩ರಲ್ಲಿ ಕ್ಯಾಸೆಟ್ಟನ್ನು ಬೆಳಕಿಗೆ ತಂದಿತು. ಅದನ್ನು ನಡೆದಾಡುತ್ತ ಕೇಳುವ ಸಾಧನವಾಗಿ ಮನೆಮಾತು ಮಾಡಿದ್ದು ಜಪಾನಿನ ಸೋನಿ ಕಂಪನಿಯು ೧೯೭೯ರ ಜುಲೈ ೧ರಂದು ಮಾರಾಟಕ್ಕೆ ತಂದ ವಾಕ್‌ಮನ್. ಕ್ಯಾಸೆಟ್ಟಿನ ಪರಿಮಿತಿಯು ಕಣ್ಣಿಗೆ ಕಾಣುವಂಥದು. ಟೇಪು ಸೆಕೆಂಡಿಗೆ ೪.೭೬ ಸೆಂಟಿಮೀಟರ್ ವೇಗದಲ್ಲಿ ಸರಿಯುತ್ತದೆ. ಆದ್ದರಿಂದ ಅರ್ಧ ಗಂಟೆಯ ಒಂದು ಮಗ್ಗುಲಿಗೆ ಸುಮಾರು ೮೬ ಮೀಟರ್, ಮುಕ್ಕಾಲು ಗಂಟೆಗೆ ಸುಮಾರು ೧೨೯ ಮೀಟರ್ ಟೇಪು ಬೇಕು. ಡಬ್ಬಿಯ ಗಾತ್ರ ಬದಲಾಗುವಂತಿಲ್ಲವಾದುದರಿಂದ ಉದ್ದ ಹೆಚ್ಚಿದಂತೆ ಟೇಪನ್ನು ತೆಳುವಾಗಿಸಲೇಬೇಕಾಯಿತು. ೧೨೦ ನಿಮಿಷದ ಕ್ಯಾಸೆಟ್ಟಿನ ಟೇಪು ೬೦ ನಿಮಿಷದ್ದರ ಸುಮಾರು ಅರ್ಧದಷ್ಟೇ ದಪ್ಪವಾಗಿದ್ದು, ಹಿಗ್ಗುವ, ಗಾಲಿಗೆ ಸಿಕ್ಕಿಕೊಳ್ಳುವ ದೋಷಕ್ಕೆ ಹೆಸರಾಯಿತು. ಸಡಿಲಾದ ಟೇಪನ್ನು ಪೆನ್ಸಿಲಿನಿಂದ ಸುತ್ತುವ ವಿದ್ಯೆಯನ್ನು ಹಳೆಯ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಕ್ಕಾಲು ಗಂಟೆಯ ಖ್ಯಾಲನ್ನು ಕಡಿಯದೆ ಹಿಡಿಯಬಲ್ಲದ್ದಾದುದರಿಂದ ೯೦ ನಿಮಿಷದ ಕ್ಯಾಸೆಟ್ಟೇ ಸಂಗೀತಾಸಕ್ತರಿಗೆ ಹೆಚ್ಚು ಒದಗಿಬರುವಂತಿತ್ತು.

ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಕಾಲ ಬಂದ ಮೇಲೆ ಪರಿಮಿತಿಯು ಕಣ್ಣಿನಿಂದ ಮರೆಯಾಗಿ ಗಣಿತದೊಳಕ್ಕೆ ಸೇರಿತು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಕ್ರಮದಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೧೬ ಬಿಟ್ಟುಗಳ ಸಂಖ್ಯೆಯಾಗಿ ಬರೆಯಲಾಗುತ್ತದೆ. ಎಂಟು ಬಿಟ್ಟುಗಳು ಸೇರಿದರೆ ಒಂದು ಬೈಟು. ಎಡಗಿವಿಗೊಂದು, ಬಲಗಿವಿಗೊಂದು ಎಂದು ಎರಡು ಪ್ರವಾಹಗಳಿರುವುದರಿಂದ ಸೆಕೆಂಡಿಗೆ ೧,೭೬,೪೦೦ ಬೈಟುಗಳಾದವು. ನಿಮಿಷಕ್ಕೆ ಒಂದು ಕೋಟಿ ಐದು ಲಕ್ಷಕ್ಕೂ ಮಿಗಿಲು.

ಈ ಹೊರೆಯನ್ನು ಕಿಸೆಯ ಯಂತ್ರವು ಹೊರಲಾರದೆ ಹೋಯಿತು. ೧೯೯೮ರಲ್ಲಿ ಕೊರಿಯಾ ದೇಶದ ಸೇಹಾನ್ ಕಂಪನಿಯು ಹೊರತಂದ ಎಂಪಿಮ್ಯಾನ್ ಎಂಬ ಯಂತ್ರದಲ್ಲಿ ತಿರುಗುವ ಭಾಗವೇ ಇರಲಿಲ್ಲ. ೩೨ ಮೆಗಾಬೈಟುಗಳ ಸ್ಮೃತಿಫಲಕವಷ್ಟೇ ಇತ್ತು. ಕಾಂಪ್ಯಾಕ್ಟ್ ಡಿಸ್ಕಿನ ಧ್ವನಿಯನ್ನು ಇದ್ದಂತೆಯೇ ತುಂಬಿದರೆ ಅದು ಹಿಡಿಯುವುದು ೩ ನಿಮಿಷ ೧೦ ಸೆಕೆಂಡು. ನಿಮಿಷಕ್ಕೆ ೭೮ ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ ಮೊದಲಾದವರು ತಾರುಣ್ಯದಲ್ಲಿ ಇಡೀ ರಾಗವೊಂದನ್ನು ಆ ಮೂರು ಚಿಲ್ಲರೆ ನಿಮಿಷಗಳಿಗೆ ಅಡಕಗೊಳಿಸಿ ಹಾಡಬೇಕಾಗಿತ್ತು. ಅಲ್ಲಿ ಅಡಕಗೊಳಿಸಿದವರು ಕಲಾವಿದರು. ಏನನ್ನು ಬಿಡಬೇಕೆಂಬುದು ಅವರ ವಿವೇಕಕ್ಕೆ ಸೇರಿತ್ತು. ಎಂಪಿಮ್ಯಾನಿನಲ್ಲಿ ಆ ಕೆಲಸವನ್ನು ಗಣಿತಸೂತ್ರಕ್ಕೆ ವಹಿಸಲಾಯಿತು.

ಆ ಸೂತ್ರವೇ ಎಂಪಿ೩. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡನ್‌ಬುರ್ಗ್ ಮತ್ತು ಅವರ ಸಂಗಡಿಗರು ನಡೆಸಿದ ಸಂಶೋಧನೆಯು ಇದಕ್ಕೆ ಮುಖ್ಯ ಆಧಾರ. ೧೯೯೨ರಲ್ಲಿ ಸಿದ್ಧವಾದ ಅಂತರರಾಷ್ಟ್ರೀಯ ಮಾನಕದೊಳಗೆ ಅದು ಸೇರಿತು. ಎಂಪಿ೩ ಎಂಬ ಹೆಸರು ನಿಂತದ್ದು ೧೯೯೫ರಲ್ಲಿ. ಇದರ ತಿರುಳು ಕಿವಿಯ ಒಂದು ದೌರ್ಬಲ್ಯದಲ್ಲಿದೆ. ಗಟ್ಟಿಯಾದ ಒಂದು ಧ್ವನಿಯು ಅದಕ್ಕೆ ಸಮೀಪದ ಕಂಪನದ ಮೆಲುಧ್ವನಿಯನ್ನು ಮರೆಮಾಡುತ್ತದೆ. ಸದ್ದು ಕೇಳುವ ಆ ಕ್ಷಣದಲ್ಲಿ ಮಾತ್ರವಲ್ಲ, ಅದರ ಹಿಂದುಮುಂದಿನ ಅತ್ಯಲ್ಪ ಕಾಲದಲ್ಲಿಯೂ ಹೀಗಾಗುತ್ತದೆ. ತಬಲೆಯ ಮೇಲೆ ಬಲವಾದ ಪೆಟ್ಟು ಬಿದ್ದಾಗ ತಂಬೂರಿಯ ನಾದದ ಕೆಲವು ಅಂಶಗಳು ಕಿವಿಗೆ ಬೀಳುವುದೇ ಇಲ್ಲ. ಕೇಳಿಸದ್ದನ್ನು ಬರೆದಿಡುವುದೇಕೆ ಎಂಬುದು ಸೂತ್ರದ ವಾದ. ಅದರಂತೆ ಸೆಕೆಂಡಿಗೆ ೧,೨೮,೦೦೦ ಬಿಟ್ಟುಗಳ ದರದಲ್ಲಿ ಬರೆದರೆ ಹೊರೆಯು ಹನ್ನೊಂದರಲ್ಲೊಂದು ಪಾಲಿಗೆ ಇಳಿಯುತ್ತದೆ. ೩೨ ಮೆಗಾಬೈಟುಗಳಲ್ಲಿ ಸುಮಾರು ೩೫ ನಿಮಿಷಗಳ ಸಂಗೀತ ಹಿಡಿಯುತ್ತದೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ದರವನ್ನು ಕೆಳಗಿಳಿಸಿದಂತೆಲ್ಲ ಸೂತ್ರವು ಕೇಳಿಸದ್ದನ್ನಷ್ಟೇ ಅಲ್ಲ, ಕೇಳಿಸುವುದನ್ನೂ ಬಿಡಬೇಕಾಗುತ್ತದೆ. ತಾರಕದ ಹೊಳಪು ಮಂಕಾಗುತ್ತದೆ, ಪೆಟ್ಟಿನ ಚೂಪು ಮೊಂಡಾಗುತ್ತದೆ. ಹೀಗೆ ಒಮ್ಮೆ ಬಿಟ್ಟದ್ದನ್ನು ಮುಂದೆ ಯಾವ ಯಂತ್ರದಿಂದಲೂ ಮರಳಿ ಪಡೆಯಲಾಗದು.

೨೦೦೧ರ ಅಕ್ಟೋಬರಿನಲ್ಲಿ ಅಮೆರಿಕದ ಆಪಲ್ ಕಂಪನಿಯು ಪ್ರಕಟಿಸಿದ ಐಪಾಡ್ ಈ ಕಥೆಯ ಪ್ರಸಿದ್ಧ ಅಧ್ಯಾಯ. ತೋಷಿಬಾ ಕಂಪನಿಯು ತಯಾರಿಸಿದ ೧.೮ ಇಂಚಿನ ಪುಟ್ಟ ಹಾರ್ಡ್ ಡಿಸ್ಕಿನಲ್ಲಿ ೫ ಗಿಗಾಬೈಟು ಜಾಗವಿತ್ತು. ಸಾವಿರ ಹಾಡುಗಳು ಕಿಸೆಯಲ್ಲಿ ಎಂಬುದು ಅದರ ಘೋಷಣೆ. ನಾಲ್ಕು ನಿಮಿಷದ ಹಾಡನ್ನು ಸೆಕೆಂಡಿಗೆ ೧,೬೦,೦೦೦ ಬಿಟ್ಟುಗಳ ದರದಲ್ಲಿ ಬರೆದರೆ ೪.೮ ಮೆಗಾಬೈಟು; ಸಾವಿರಕ್ಕೆ ೪.೮ ಗಿಗಾಬೈಟು. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಾಲ್ಕು ನಿಮಿಷ ಎಂಬುದು ಅಮೆರಿಕದ ಜನಪ್ರಿಯ ಗೀತೆಯ ಅಳತೆ. ಧಾರವಾಡದ ಗವಾಯಿಗಳ ಐವತ್ತು ನಿಮಿಷದ ರಾಗಗಳನ್ನು ತುಂಬಲು ಹೊರಟವನಿಗೆ ಆ ಸಾವಿರವು ಎಂಬತ್ತಕ್ಕೆ ಇಳಿಯುತ್ತದೆ. ಕಂಪನಿಯವರು ಸಾವಿರ ಸಾವಿರವಾಗಿ ಗುಣಿಸಿ ೫ ಗಿಗಾಬೈಟು ಎಂದರೆ, ಗಣಕವು ೧,೦೨೪ರಿಂದ ಗುಣಿಸಿ ಅದನ್ನೇ ೪.೬೬ ಎಂದು ತೋರಿಸುತ್ತದೆ. ಕೊಂಡವರು ಇದನ್ನು ಮೋಸವೆಂದು ಬಗೆದದ್ದುಂಟು. ಅದು ಮೋಸವಲ್ಲ, ಎರಡು ಬಗೆಯ ಎಣಿಕೆಯಷ್ಟೆ.

ಇದಕ್ಕಿಂತ ಕುತೂಹಲಕರವಾದುದು ಮುಂದಿನದು. ೨೦೦೨ರಲ್ಲಿ ಬಂದ ೧೦ ಗಿಗಾಬೈಟಿನ ಐಪಾಡಿಗೆ ೨,೦೦೦ ಹಾಡುಗಳೆಂದು ಹೇಳಲಾಗಿತ್ತು. ೨೦೦೩ರಲ್ಲಿ ಅದೇ ೧೦ ಗಿಗಾಬೈಟಿನ ಹೊಸ ಮಾದರಿಗೆ ೨,೫೦೦ ಹಾಡುಗಳೆಂದು ಹೇಳಲಾಯಿತು. ಪಾತ್ರೆ ಒಂದಂಗುಲವೂ ಬೆಳೆದಿರಲಿಲ್ಲ. ಎಎಸಿ ಎಂಬ, ಎಂಪಿ೩ಗಿಂತ ಜಾಣತನದ ಸಂಕೋಚನಕ್ರಮವನ್ನು ಬಳಸಿ ದರವನ್ನು ೧,೬೦,೦೦೦ದಿಂದ ೧,೨೮,೦೦೦ಕ್ಕೆ ಇಳಿಸಲಾಗಿತ್ತು. ೨೦೦೯ರಲ್ಲಿ ೧೬೦ ಗಿಗಾಬೈಟಿನ ಐಪಾಡಿಗೆ ೪೦,೦೦೦ ಹಾಡುಗಳೆಂದು ಲೆಕ್ಕ ಹಾಕಿದ್ದೂ ಆ ಕಡಿಮೆ ದರದಲ್ಲಿಯೇ. ೨೦೧೪ರಲ್ಲಿ ಅದರ ಮಾರಾಟ ನಿಂತಿತು. ೨೦೨೨ರ ಮೇ ತಿಂಗಳಲ್ಲಿ ಐಪಾಡ್ ಎಂಬ ಹೆಸರಿನ ಕೊನೆಯ ಮಾದರಿಗೂ ತೆರೆ ಬಿತ್ತು.

ಜಾಗವಿದ್ದರೂ ತುಂಬಲಾಗದ ಪ್ರಸಂಗಗಳೂ ಉಂಟು. ಉಗ್ರಾಣ ದೊಡ್ಡದಿದ್ದು ಲೆಕ್ಕದ ಪುಸ್ತಕದಲ್ಲಿ ಹಾಳೆ ಮುಗಿದರೆ ಆಗುವ ಸ್ಥಿತಿ ಅದು. ಹಳೆಯ ಸಣ್ಣ ಯಂತ್ರಗಳೂ ೨ ಗಿಗಾಬೈಟಿನವರೆಗಿನ ಕಾರ್ಡುಗಳೂ ಫ್ಯಾಟ್ ೧೬ ಎಂಬ ಕ್ರಮದಲ್ಲಿ ಕಡತಗಳ ಪಟ್ಟಿಯನ್ನು ಇಡುತ್ತವೆ. ಅದರ ಮೊದಲ ಕೋಶದಲ್ಲಿ ಸಾಮಾನ್ಯವಾಗಿ ೫೧೨ ಸಾಲುಗಳಿಗೆ ಮಾತ್ರ ಎಡೆಯುಂಟು. ಉದ್ದದ ಹೆಸರುಗಳಿಗೆ ಒಂದು ಸಾಲು ಸಾಲದು. ಹದಿಮೂರು ಸಂಕೇತಗಳಿಗೊಂದರಂತೆ ಹೆಚ್ಚಿನ ಸಾಲು ಬೇಕು. ಕನ್ನಡದಲ್ಲಿ ಒತ್ತಕ್ಷರ, ಗುಣಿತಚಿಹ್ನೆಗಳೆಲ್ಲ ಬೇರೆ ಬೇರೆ ಸಂಕೇತಗಳಾಗಿ ಎಣಿಕೆಯಾಗುವುದರಿಂದ "ಮಲ್ಲಿಕಾರ್ಜುನ ಮನಸೂರ" ಎಂಬ ಹೆಸರೊಂದೇ ೧೮ ಸಂಕೇತಗಳನ್ನು ನುಂಗುತ್ತದೆ. ಇಂತಹ ಕಡತವೊಂದಕ್ಕೆ ಮೂರು ಸಾಲು ತಗಲುವುದರಿಂದ ಸುಮಾರು ೧೭೦ ಹಾಡುಗಳಿಗೆ ಪಟ್ಟಿ ತುಂಬಿ, ಕಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಬರಿದಿದ್ದರೂ ಯಂತ್ರವು ತುಂಬಿತೆಂದು ಹಟ ಹಿಡಿಯುತ್ತದೆ. ಪರಿಹಾರ ಸುಲಭ: ಹಾಡುಗಳನ್ನು ಒಳಕೋಶಗಳಲ್ಲಿಟ್ಟರೆ ಈ ಮಿತಿ ತಗಲದು.

ಕಾರ್ಡುಗಳಿಗೂ ತಲೆಮಾರುಗಳಿವೆ. ೨೦೦೬ರಲ್ಲಿ ೩೨ ಗಿಗಾಬೈಟಿನವರೆಗಿನ ಎಸ್‌ಡಿಎಚ್‌ಸಿ, ೨೦೦೯ರಲ್ಲಿ ಅದಕ್ಕೂ ಮೇಲಿನ ಎಸ್‌ಡಿಎಕ್ಸ್‌ಸಿ ಎಂಬ ಮಾನಕಗಳು ಬಂದವು. ಹಳೆಯ ತಲೆಮಾರಿನ ಯಂತ್ರಕ್ಕೆ ಹೊಸ ತಲೆಮಾರಿನ ಕಾರ್ಡು ಅರ್ಥವಾಗದಿದ್ದರೆ ಕಾರ್ಡು ಕೆಟ್ಟಿದೆಯೆಂದು ಬಿಸಾಡಬೇಕಾಗಿಲ್ಲ. ಧ್ವನಿಕಡತದ ಉದ್ದಕ್ಕೂ ಒಂದು ಎಲ್ಲೆಯುಂಟು. ಸಂಕೋಚನವಿಲ್ಲದ ಸಾಮಾನ್ಯ ವೇವ್ ಕಡತದ ಗಾತ್ರವನ್ನು ೩೨ ಬಿಟ್ಟುಗಳಲ್ಲಿ ಬರೆಯುವುದರಿಂದ ಅದು ೪ ಗಿಗಾಬೈಟನ್ನು ಮೀರಲಾರದು. ಡಿಸ್ಕಿನ ಗುಣಮಟ್ಟದಲ್ಲಿ ಇದು ಸುಮಾರು ಆರೂಮುಕ್ಕಾಲು ಗಂಟೆ. ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಬೆಳಗು ಹರಿಯುವವರೆಗೆ ನಡೆಯುವ ಬಯಲಾಟವು ಒಂದೇ ಕಡತದಲ್ಲಿ ಹಿಡಿಯದು. ನಡುವೆ ಎಲ್ಲಿಯಾದರೂ ಕಡಿಯಲೇಬೇಕು.

ಈಗ ಮೊಬೈಲ್ ಫೋನು ಈ ಯಂತ್ರಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಆದರೂ ಗ್ರಾಮೊಫೋನ್ ಕಂಪನಿಯ ವಾರಸುದಾರನಾದ ಸಾರೇಗಾಮಾ ಸಂಸ್ಥೆಯು ೨೦೧೭ರಲ್ಲಿ ೫,೦೦೦ ಹಿಂದಿ ಹಾಡುಗಳನ್ನು ಮೊದಲೇ ತುಂಬಿ ತಂದ ಕಾರವಾನ್ ಪೆಟ್ಟಿಗೆಯು ಹಿರಿಯರ ಮೆಚ್ಚುಗೆಯನ್ನು ಪಡೆಯಿತು. ಅಲ್ಲಿ ಕೇಳುಗನು ಗಿಗಾಬೈಟಿನ ಗೋಜಿಗೇ ಹೋಗಬೇಕಾಗಿಲ್ಲ.

ಚಿಂತಿಸಬೇಕಾದುದು ನಡುಗಾಲದಲ್ಲಿ ಆದ ಕೆಲಸವನ್ನು ಕುರಿತು. ಯಂತ್ರಗಳ ಹೊಟ್ಟೆ ಚಿಕ್ಕದಾಗಿದ್ದ ದಿನಗಳಲ್ಲಿ ಅನೇಕರು ತಮ್ಮ ಕ್ಯಾಸೆಟ್ಟುಗಳನ್ನು ಅತಿ ಕಡಿಮೆ ದರದ ಎಂಪಿ೩ಗೆ ಇಳಿಸಿ, ಜಾಗ ಉಳಿಯಿತೆಂದು ಮೂಲವನ್ನು ಗುಜರಿಗೆ ಹಾಕಿದರು. ಇಂದು ಉಗುರಿನಷ್ಟು ಅಗಲದ ೧೨೮ ಗಿಗಾಬೈಟಿನ ಕಾರ್ಡಿನಲ್ಲಿ ಡಿಸ್ಕಿನ ಪೂರ್ಣ ಗುಣಮಟ್ಟದ ಸಂಗೀತವೇ ೨೦೦ ಗಂಟೆ ಹಿಡಿಯುತ್ತದೆ. ೨೦೦೧ರಲ್ಲಿ ಸಿದ್ಧವಾದ ಫ್ಲ್ಯಾಕ್ ಎಂಬ ಕ್ರಮವು ಒಂದು ಬಿಟ್ಟನ್ನೂ ಕಳೆಯದೆ ಹೊರೆಯನ್ನು ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ತರುತ್ತದೆ. ಪಾತ್ರೆ ಹೀಗೆ ಸಾವಿರಾರು ಪಟ್ಟು ಬೆಳೆದರೂ ಆಗ ಹಿಂಡಿದ ಧ್ವನಿ ಹಿಂಡಿದಂತೆಯೇ ಉಳಿದಿದೆ. ಎಂದೋ ಮಾಯವಾದ ಪರಿಮಿತಿಯೊಂದು ಆ ಮುದ್ರಣಗಳಲ್ಲಿ ಶಾಶ್ವತವಾಗಿ ನೆಲೆಸಿಬಿಟ್ಟಿದೆ.

ಆದುದರಿಂದ ಕೇಳುವ ಪ್ರತಿಯನ್ನೂ ಕಾಪಾಡುವ ಪ್ರತಿಯನ್ನೂ ಬೇರೆ ಬೇರೆಯಾಗಿಯೇ ಭಾವಿಸಬೇಕು. ಪ್ರವಚನ, ಉಪನ್ಯಾಸಗಳಂಥ ಬರಿಯ ಮಾತನ್ನು ಕಿಸೆಯಲ್ಲಿ ಒಯ್ಯಲು ಒಂಟಿ ಪ್ರವಾಹದ ೩೨,೦೦೦ ಬಿಟ್ಟುಗಳ ದರವೂ ನಡೆದೀತು. ಆಗ ಗಂಟೆಗೆ ಹದಿನಾಲ್ಕೂವರೆ ಮೆಗಾಬೈಟಿನೊಳಗೇ ಕೆಲಸವಾಗುತ್ತದೆ. ಕಾಪಾಡುವ ಪ್ರತಿಗೆ ಈ ಜಿಪುಣತನ ಸಲ್ಲದು. ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಇದಕ್ಕೆ ಸೆಕೆಂಡಿಗೆ ೪೮,೦೦೦ ಅಳತೆ, ಅಳತೆಗೆ ೨೪ ಬಿಟ್ಟು ಎಂಬ ಕನಿಷ್ಠ ಮಟ್ಟವನ್ನು ಸೂಚಿಸಿದೆ. ಈ ಲೆಕ್ಕದಲ್ಲಿ ಗಂಟೆಗೆ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು ಬೇಕು. ೯೦ ನಿಮಿಷದ ನೂರು ಕ್ಯಾಸೆಟ್ಟುಗಳಿಗೆ ಸುಮಾರು ೧೫೬ ಗಿಗಾಬೈಟು. ಕಪಾಟಿನ ಒಂದು ಅರೆಯನ್ನು ತುಂಬಿದ್ದ ಸಂಗ್ರಹಕ್ಕೆ ಇದು ದೊಡ್ಡ ವೆಚ್ಚವಲ್ಲ. ಮೆಮೊರಿ ಕಾರ್ಡಿನಲ್ಲಿ ಬರಹವು ವಿದ್ಯುತ್ಕಣಗಳ ರೂಪದಲ್ಲಿ ನಿಂತಿದ್ದು, ಬಳಸದೆ ಇಟ್ಟರೆ ವರ್ಷಗಳು ಕಳೆದಂತೆ ಸೋರಿಹೋಗಬಲ್ಲುದಾದ್ದರಿಂದ ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುವಂತಿಲ್ಲ. ಹಾರ್ಡ್ ಡಿಸ್ಕುಗಳಲ್ಲಿ ಎರಡು ಪ್ರತಿ ಮಾಡಿ, ಎರಡು ಬೇರೆ ಕಟ್ಟಡಗಳಲ್ಲಿ ಇರಿಸಿ, ಆಗಾಗ ಚಾಲೂ ಮಾಡಿ ಪರಿಶೀಲಿಸುತ್ತಿರಬೇಕು. ಮೂಲ ಕ್ಯಾಸೆಟ್ಟನ್ನು ಟೇಪು ಬಿಗಿಯಾಗಿ ಸುತ್ತಿದ ಸ್ಥಿತಿಯಲ್ಲಿ, ಬಿಸಿಲು, ತೇವ, ಸ್ಪೀಕರುಗಳ ಅಯಸ್ಕಾಂತ ಇವುಗಳಿಂದ ದೂರವಾಗಿ ಇಡತಕ್ಕದ್ದು.