ಕೆರೆಯ ಮೇಲೆ ಕುರ್ಚಿ ಹಾಕಿ ಕೂತಾಗ

ಕೆರೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತು ಕಷಾಯ ಕುಡಿದಿದ್ದೇನೆ ಎಂದರೆ ನಂಬುತ್ತೀರಾ? ದೋಣಿಯಲ್ಲಲ್ಲ ಕಣ್ರೀ, ಕೆರೆಯ ಮೇಲೆಯೇ! ಊರಿಗೆ ಬಂದು ಹೇಳಿದಾಗ ನನ್ನ ಓರಗಿತ್ತಿ, "ಅಮೆರಿಕಕ್ಕೆ ಹೋಗಿ ಬಂದವರು ಏನು ಬೇಕಾದರೂ ಹೇಳ್ತಾರೆ" ಅಂತ ಮೂಗು ಮುರಿದಳು.

2022ರ ಕೊನೆಯಲ್ಲಿ ಮಗಳ ಎರಡನೇ ಬಾಣಂತನಕ್ಕೆಂದು ಮಿನ್ನೆಸೋಟಾ ರಾಜ್ಯಕ್ಕೆ ಹೋಗಿದ್ದೆ. ಅಮೆರಿಕದ ಉತ್ತರದ ಅಂಚಿನಲ್ಲಿ, ಕೆನಡಾಕ್ಕೆ ತಾಗಿಕೊಂಡಿರುವ ಸೀಮೆ ಅದು. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ ಅಲ್ಲಿ 11,842 ಇವೆಯಂತೆ. ಚಳಿಗಾಲದಲ್ಲಿ ಅವೆಲ್ಲ ಹೆಪ್ಪುಗಟ್ಟುತ್ತವೆ. ಆಗ ಜನ ಗಡ್ಡೆಯ ಮೇಲೆ ನಡೆದು ಹೋಗಿ, ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರೆ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ! ಅದು ಅವರಿಗೆ ನಮ್ಮ ಜಾತ್ರೆಯಿದ್ದಂತೆ.

ಗಡ್ಡೆಯ ಕೆಳಗೆ ಮೀನು ಬದುಕುವುದು ಹೇಗೆ ಎಂದು ನನಗೂ ಸೋಜಿಗವಾಗಿತ್ತು. ಹೈಸ್ಕೂಲಿನಲ್ಲಿ ಓದಿ ಮರೆತ ಪಾಠ ಅದು. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕಿಳಿಯುತ್ತದೆ, ಅದಕ್ಕಿಂತ ತಣ್ಣಗಾದದ್ದು ಮೇಲುಳಿದು ಗಡ್ಡೆಯಾಗುತ್ತದೆ. ಹಾಗಾಗಿ ಕೆರೆಗೆ ಗಡ್ಡೆಯೇ ಮುಚ್ಚಳ. ಒಳಗೆ ಮೀನುಗಳ ಸಂಸಾರ ಎಂದಿನಂತೆ ಸಾಗಿರುತ್ತದೆ.

ಡಿಸೆಂಬರ್ ಮೊದಲ ವಾರ. ಅಳಿಯಂದಿರ ಆಫೀಸಿನವರು ಯಾರೋ ಕರೆದಿದ್ದರು. ಏಳು ವರ್ಷದ ಮೊಮ್ಮಗ ಅಪ್ಪನ ಜೊತೆ ಹೊರಟು ನಿಂತ. ಮಗಳು ಮಗುವಿಗೆ ಹಾಲು ಕುಡಿಸುತ್ತಾ, "ಬೇಡ ಅಂದ್ರೆ ಕೇಳಲ್ಲ ಅಮ್ಮ, ನೀನಾದ್ರೂ ಹೇಳು" ಎಂದಳು. ನಾನೇನು ಹೇಳಲಿ? ಅಳಿಯಂದಿರೋ, "ಎಲ್ಲರೂ ಹೋಗ್ತಿದ್ದಾರೆ ಅತ್ತೆ, ಏನೂ ಆಗಲ್ಲ" ಎಂದುಬಿಟ್ಟರು.

ಆಗ ಬಂದವರು ಪಕ್ಕದ ಮನೆಯ ಅಜ್ಜಿ. ಎಪ್ಪತ್ತು ದಾಟಿದ ಆಕೆ ಗಂಡನ ಜೊತೆ ನಲವತ್ತು ಚಳಿಗಾಲ ಕೆರೆಯ ಮೇಲೆ ಕಳೆದವರು. ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಅಂಗುಲ ದಪ್ಪ ಇದೆ?" ಅಳಿಯಂದಿರು ತಬ್ಬಿಬ್ಬಾದರು. ಅಜ್ಜಿ ತಮ್ಮ ಹಾರೆಯಂಥ ಕಬ್ಬಿಣದ ಸಲಾಕೆ ತೆಗೆದುಕೊಂಡು ತಾವೂ ಹೊರಟರು. ನಾನು ಕಾರಿನಲ್ಲೇ ಕೂತು ನೋಡುತ್ತಿದ್ದೆ. ದಡದಿಂದ ಒಂದೊಂದು ಹೆಜ್ಜೆಗೂ ಮುಂದೆ ಸಲಾಕೆಯಿಂದ ಕುಟ್ಟಿ ನೋಡುತ್ತಾ ನಡೆದರು. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಎರಡೇ ಏಟಿಗೆ ನೀರು ಮೇಲಕ್ಕೆ ಉಕ್ಕಿತು. ಅಳೆದರೆ ಮೂರು ಅಂಗುಲವೂ ಇಲ್ಲ! ಮೊಮ್ಮಗನ ಅಳುವನ್ನು ಯಾರೂ ಲೆಕ್ಕಿಸದೆ ಎಲ್ಲರೂ ವಾಪಸ್ಸು. ಅಳಿಯಂದಿರ ಮುಖ ಬಿಳಿಚಿತ್ತು. ಮನೆಗೆ ಬರುವವರೆಗೂ ಒಂದು ಮಾತಿಲ್ಲ.

ಆ ಸಂಜೆ ಅಜ್ಜಿ ಹೇಳಿದ ಲೆಕ್ಕ ಇದು. ಸರ್ಕಾರದವರು ಹೇಳುವುದೂ ಇದನ್ನೇ. 4 ಅಂಗುಲಕ್ಕಿಂತ ಕಡಿಮೆ ಇದ್ದರೆ ಕಾಲಿಡಲೇ ಕೂಡದು. ಹೊಸದಾಗಿ ಕಟ್ಟಿದ ತಿಳಿಯಾದ ಗಡ್ಡೆ 4 ಅಂಗುಲವಿದ್ದರೆ ನಡೆಯಬಹುದು. ಬೆಳ್ಳಗಿರುವ ಗಡ್ಡೆಯಾದರೆ ಅದರಲ್ಲಿ ಹಿಮ ಬೆರೆತಿರುತ್ತದೆ, ಬಲ ಅರ್ಧ. ಆದ್ದರಿಂದ ಎರಡರಷ್ಟು ದಪ್ಪ ಬೇಕು. ಒಂದು ಕಡೆ ಅಳೆದರೆ ಸಾಲದು, 150 ಅಡಿಗೊಮ್ಮೆಯಾದರೂ ಅಳೆಯಬೇಕು. ತೊರೆ ಬಂದು ಸೇರುವ ಕಡೆ, ಒಳಗೆ ಬುಗ್ಗೆ ಇರುವ ಕಡೆ ಗಡ್ಡೆ ತೆಳು. ಮೇಲೆ ಹಿಮ ಬಿದ್ದರೆ ಗಟ್ಟಿಯಾಯಿತು ಎಂದುಕೊಳ್ಳುತ್ತೇವಲ್ಲ, ಅದು ತಿರುಗುಮುರುಗು: ಹಿಮ ಕಂಬಳಿ ಹೊದಿಸಿದಂತೆ, ಕೆಳಗಿನ ನೀರು ಹೆಪ್ಪುಗಟ್ಟುವುದೇ ನಿಧಾನ.

ನೀರಿಗೆ ಬಿದ್ದರೆ?

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬುವರು ಕೊರೆಯುವ ನೀರಿಗೆ ತಾವೇ ಇಳಿದು ಪರೀಕ್ಷೆ ಮಾಡಿದವರು. ಅವರು ಹೇಳಿಕೊಡುವ ಸೂತ್ರ 1-10-1. ಬಿದ್ದ ಕೂಡಲೇ ಏದುಸಿರು ಹತ್ತುತ್ತದೆ. ಸುಮಾರು 1 ನಿಮಿಷ ಉಸಿರನ್ನು ಹತೋಟಿಗೆ ತರುವುದೊಂದೇ ಕೆಲಸ. ಆಮೇಲೆ ಸುಮಾರು 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಹೆಚ್ಚುಕಡಿಮೆ 1 ಗಂಟೆ ಹಿಡಿಯುತ್ತದೆ, ಮುಳುಗದೆ ತೇಲುತ್ತಿದ್ದರೆ! ಅದಕ್ಕೇ ಗಡ್ಡೆಯ ಮೇಲೆ ಹೋಗುವವರು ತೇಲುವ ಜಾಕೆಟ್ ತೊಡಬೇಕು ಎನ್ನುವುದು. ಕುತ್ತಿಗೆಗೆ ದಾರದಲ್ಲಿ ಎರಡು ಮೊಳೆಗೂಟ ನೇತುಹಾಕಿಕೊಂಡಿರುತ್ತಾರೆ. ಬಿದ್ದವರು ತಾವು ಬಂದ ದಿಕ್ಕಿಗೇ ತಿರುಗಬೇಕು, ಅಲ್ಲಿಯವರೆಗಿನ ಗಡ್ಡೆ ಭಾರ ತಡೆದಿದೆಯಲ್ಲ! ಮೊಳೆಗಳನ್ನು ಗಡ್ಡೆಗೆ ಚುಚ್ಚಿ, ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ ಮೇಲೆ ಬರಬೇಕು. ಬಂದ ಮೇಲೆ ಎದ್ದು ನಿಂತರೆ ಮತ್ತೆ ಒಡೆದೀತು. ಉರುಳಿಕೊಂಡೇ ದೂರ ಹೋಗಬೇಕು. ನೋಡುತ್ತಿದ್ದವರು ಓಡಿ ಹತ್ತಿರ ಹೋದರೆ ಅವರೂ ಬೀಳುತ್ತಾರೆ; ದೂರದಿಂದಲೇ ಹಗ್ಗ ಎಸೆಯಬೇಕು.

ಜನವರಿ ಕೊನೆಗೆ ಅದೇ ಕೆರೆ 14 ಅಂಗುಲ ಹೆಪ್ಪುಗಟ್ಟಿತು. ಈ ಸಲ ಅಳಿಯಂದಿರೇ ಅಳೆದು, ಅಜ್ಜಿಯಿಂದ ಸೈ ಅನ್ನಿಸಿಕೊಂಡರು. ನನ್ನನ್ನೂ ಎಳೆದುಕೊಂಡು ಹೋದರು.

ಅಬ್ಬಾ, ಉಡುಗೆಯ ಸಂಭ್ರಮವೇ! ಮೈಗೆ ತಾಗುವಂತೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ತೂರದ ಕೋಟು. ನನ್ನ ಹತ್ತಿ ಬನೀನನ್ನು ಅಜ್ಜಿ ಬಿಚ್ಚಿಸಿಯೇಬಿಟ್ಟರು. ಮಲೆನಾಡಿನ ಆಷಾಢದಲ್ಲಿ ಹತ್ತಿ ಬಟ್ಟೆ ಮೂರು ದಿನವಾದರೂ ಆರದ್ದು ನನಗೆ ಗೊತ್ತಿಲ್ಲವೇ? ಬೆವರು ಹೀರಿಕೊಂಡು ಅಲ್ಲೂ ಹಾಗೆಯೇ ತಣ್ಣಗೆ ಅಂಟಿಕೊಳ್ಳುತ್ತದಂತೆ. ತೂತು ಕೊರೆಯುವಾಗ ಮೈ ಬಿಸಿಯಾಗುವ ಮೊದಲೇ ಒಂದು ಪದರ ಕಳಚಿಡುತ್ತಾರೆ. ಚಳಿಯಲ್ಲಿ ಬೆವರಬಾರದು! ಬೂಟಿನೊಳಗೆ ಬೆರಳಾಡಲು ಜಾಗ ಬೇಕು; ಎರಡು ಜೊತೆ ಕಾಲುಚೀಲ ತುರುಕಿ ಬಿಗಿ ಮಾಡಿದರೆ ರಕ್ತ ಓಡಾಡದೆ ಪಾದ ಇನ್ನಷ್ಟು ಕೊರಡಾಗುತ್ತದೆ. ಕೂತಾಗ ಕಾಲ ಕೆಳಗೆ ಹಳೆಯ ಜಮಖಾನದ ತುಂಡು. ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿದರೆ ತಿಕ್ಕಲೇಬಾರದು, ಬೆಂಕಿಗೂ ಹಿಡಿಯಬಾರದು. ಮನೆಯೊಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಬೇಕು. ಕೂಸಿನ ಸ್ನಾನಕ್ಕೆ ಮೊಣಕೈ ಅದ್ದಿ ನೋಡುತ್ತೇವಲ್ಲ, ಆ ಹದ. ಮೇಲೆ ಮತ್ತೆ ಚಳಿಗೆ ಒಡ್ಡಬಾರದು. ಜೋಮು ಇಳಿಯದಿದ್ದರೆ ಡಾಕ್ಟರೇ ಸೈ.

ಕೆಲವರು ಮೈ ಬೆಚ್ಚಗಾಗಲಿ ಎಂದು ಬ್ರಾಂದಿ ಏರಿಸುತ್ತಾರೆ. ಚರ್ಮಕ್ಕೆ ಬಿಸಿಯೆನಿಸುತ್ತದೆ ನಿಜ, ಆದರೆ ಒಳಗಿನ ಶಾಖ ಹೊರಗೆ ಸೋರಿಹೋಗುತ್ತದೆ. ನಾನು ಒಯ್ದದ್ದು ಬಾಣಂತಿಗೆಂದು ಮಾಡಿದ್ದ ಕಷಾಯ! 4 ಚಮಚ ಕೊತ್ತಂಬರಿ ಬೀಜ, 2 ಚಮಚ ಜೀರಿಗೆ, 1 ಚಮಚ ಕಾಳುಮೆಣಸು, ಒಂದು ತುಂಡು ಒಣಶುಂಠಿ ಹುರಿದು ಪುಡಿ ಮಾಡಿ, ಬೆಲ್ಲ, ಹಾಲು ಹಾಕಿ ಕುದಿಸಿದ್ದು. ಫ್ಲಾಸ್ಕಿಗೆ ಮೊದಲು ಬಿಸಿನೀರು ಹಾಕಿ ಚೆಲ್ಲಿ, ಆಮೇಲೆ ತುಂಬಿದರೆ ಮಧ್ಯಾಹ್ನದವರೆಗೂ ಬಿಸಿ. ಅಜ್ಜಿ ಎರಡು ಲೋಟ ಕುಡಿದು ಪುಡಿ ಕೇಳಿ ಪಡೆದರು.

ಗಾಳಿ ಜೋರಾದಾಗ ಅವರ ಪುಟ್ಟ ಡೇರೆಯೊಳಗೆ ಸೇರಿಕೊಂಡೆವು. ಗ್ಯಾಸಿನ ಒಲೆ ಉರಿಯುತ್ತಿತ್ತು. ನಾನು ಚಳಿಗೆ ಕಿಂಡಿ ಮುಚ್ಚಹೋದೆ. ಅಜ್ಜಿ ನನ್ನ ಕೈಮೇಲೆ ಫಟ್ಟನೆ ಹೊಡೆದರು! ಮುಚ್ಚಿದ ಡೇರೆಯಲ್ಲಿ ಒಲೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು. ಆಮೇಲೆ ಏಳುವುದೇ ಇಲ್ಲ. ಅದಕ್ಕೇ ಕೆಳಗೊಂದು, ಮೇಲೊಂದು ಕಿಂಡಿ ತೆರೆದೇ ಇರಬೇಕು, ಅನಿಲ ತುಂಬಿದರೆ ಕೂಗುವ ಯಂತ್ರವೂ ಇರಬೇಕು.

ಕೇಳಿ ನನ್ನ ಎದೆ ಧಸಕ್ಕೆಂದಿತು. ಮಗಳ ಮೊದಲ ಬಾಣಂತನ ನಮ್ಮೂರಿನಲ್ಲೇ, ಮಳೆಗಾಲದಲ್ಲಿ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ತಾಯಿ ಮಗುವನ್ನು ಮಲಗಿಸಿದ್ದವಳು ನಾನೇ. ಮಗಳು "ತಲೆ ಸಿಡೀತಿದೆ ಅಮ್ಮ" ಅಂದಾಗ ಬಾಣಂತಿಗೆ ಥಂಡಿಯಾಯಿತೆಂದು ಇನ್ನೊಂದಿಷ್ಟು ಕೆಂಡ ಹಾಕಿದ್ದೆ! ಹೊಗೆಯಿಲ್ಲದ ಕೆಂಡದಿಂದ ಏನಾದೀತು ಎಂಬ ಧೈರ್ಯ. ಹೊಗೆಯಿಲ್ಲದಿದ್ದರೂ ಆ ಅನಿಲ ಬರುತ್ತದೆ ಎಂಬುದು ಆ ಡೇರೆಯಲ್ಲಿ ಕೂತಾಗ ತಿಳಿಯಿತು. ನಿಮ್ಮ ಮನೆಯಲ್ಲೂ ಬಾಣಂತಿ ಇದ್ದರೆ ಕೋಣೆ ಬೆಚ್ಚಗಾದ ಮೇಲೆ ಕೆಂಡ ಹೊರಗೆ ಒಯ್ದು, ಆಮೇಲೆ ಅವರನ್ನು ಮಲಗಿಸಿ. ಮಕ್ಕಳು ಮೊಮ್ಮಕ್ಕಳು ಆ ಚಳಿಸೀಮೆಯಲ್ಲಿದ್ದರೆ ಈ ಕಿಂಡಿಯ ವಿಷಯ ಫೋನಿನಲ್ಲಿ ಮರೆಯದೆ ಕೇಳಿ.

ಮೊಮ್ಮಗನ ಗಾಳಕ್ಕೆ ಅಂಗೈಯಗಲದ ಹಳದಿ ಪಟ್ಟೆಯ ಮೀನೊಂದು ಸಿಕ್ಕಿತು. ಮೀನು ತಿನ್ನದ ಮನೆ ನಮ್ಮದು. ಮುಟ್ಟಿ ನೋಡಿ ತೂತಿಗೇ ಬಿಟ್ಟ.

ಮರುವರ್ಷ, 2023ರ ಡಿಸೆಂಬರ್ 29ರಂದು, ಅದೇ ರಾಜ್ಯದ ಅಪ್ಪರ್ ರೆಡ್ ಲೇಕ್‌ನಲ್ಲಿ ಗಡ್ಡೆ ದಡದಿಂದ ಕಿತ್ತು ತೇಲಿಹೋಗಿ, ನೂರಕ್ಕೂ ಹೆಚ್ಚು ಜನ ಅದರ ಮೇಲೆ ಸಿಕ್ಕಿಕೊಂಡಿದ್ದರು. ಎಲ್ಲರನ್ನೂ ರಕ್ಷಿಸಿದರು, ಪುಣ್ಯ. ಸುದ್ದಿ ತಿಳಿದ ಕೂಡಲೇ ಮಗಳಿಗೆ ಫೋನ್ ಮಾಡಿದೆ. ಎತ್ತಿಕೊಂಡವನು ಮೊಮ್ಮಗ. ನಾನು ಬಾಯಿ ತೆರೆಯುವ ಮೊದಲೇ, "ಎರಡೇ ಅಂಗುಲ ಅಜ್ಜಿ, ನಾವು ಹೋಗಿಲ್ಲ" ಎಂದ.