ತಗಡಿನಲ್ಲಿ ಅಕ್ಷರ: ‘ಠ’ಕಾರದ ತೊಡಕು

ತಗಡನ್ನು ಕತ್ತರಿಸಿ ಅಕ್ಷರಗಳನ್ನು ಪಡೆಯುವ ಕ್ರಮಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಅಕ್ಷರದ ಆಕಾರವನ್ನು ಕೊರೆದು ತೆಗೆದು, ಆ ತೆರಪಿನ ಮೂಲಕ ಚೀಲ, ಪೆಟ್ಟಿಗೆ, ಗೋಡೆಗಳ ಮೇಲೆ ಬಣ್ಣ ಹಚ್ಚುತ್ತಾರೆ. ಇದು ಕೊರೆಯಚ್ಚು, ಸ್ಟೆನ್ಸಿಲ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾದುದು. ಎರಡನೆಯದರಲ್ಲಿ ಸುತ್ತಲಿನ ತಗಡನ್ನು ಕಳೆದು, ಕತ್ತರಿಸಿದ ಅಕ್ಷರವನ್ನೇ ಫಲಕಕ್ಕೆ ಜೋಡಿಸುತ್ತಾರೆ. ಒಂದರಲ್ಲಿ ಎಸೆಯುವುದನ್ನೇ ಇನ್ನೊಂದರಲ್ಲಿ ಉಳಿಸಿಕೊಳ್ಳುತ್ತೇವೆ. ಇವೆರಡು ಕ್ರಮಗಳಿಗೂ ಕನ್ನಡ ಲಿಪಿಯು ಒಡ್ಡುವ ಒಂದು ತೊಡಕನ್ನು ಇಲ್ಲಿ ವಿವೇಚಿಸಲಾಗಿದೆ.

ತೆಳುವಾದ ತಗಡನ್ನು ಸೀಸದ ಅಥವಾ ಗಟ್ಟಿಮರದ ದಿಮ್ಮಿಯ ಮೇಲಿರಿಸಿ ಉಳಿಯಿಂದ ಹೊಡೆದು ಕತ್ತರಿಸಬಹುದು. ಹಿತ್ತಾಳೆಯಲ್ಲಿ ನಯವಾದ ಕೆಲಸ ಬೇಕಾದರೆ, ಮೊದಲು ಸಣ್ಣ ರಂಧ್ರವೊಂದನ್ನು ಕೊರೆದು, ಎಳೆಯಂತಹ ಗರಗಸದ ಅಲಗನ್ನು ಅದರಲ್ಲಿ ತೂರಿಸಿ, ಗೆರೆಯನ್ನನುಸರಿಸಿ ಕೊಯ್ಯಬೇಕು. ಅಲಗಿನ ಹಲ್ಲುಗಳು ಹಿಡಿಯ ಕಡೆಗೆ ಮುಖಮಾಡಿರುವುದರಿಂದ ಕೆಳಕ್ಕೆ ಎಳೆದಾಗ ಮಾತ್ರ ಅದು ಕೊಯ್ಯುತ್ತದೆ. ತಗಡಿನ ದಪ್ಪದಲ್ಲಿ ಕಡಮೆಯೆಂದರೆ 2 ಅಥವಾ 3 ಹಲ್ಲುಗಳು ಅಡಕವಾಗಿರಬೇಕು. ಇಲ್ಲವಾದರೆ ಹಲ್ಲು ಅಂಚಿಗೆ ಸಿಕ್ಕಿಕೊಂಡು ಅಲಗು ಮುರಿಯುತ್ತದೆ. ಕೊನೆಗೆ ಅಂಚನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ.

ಕೊರೆಯಚ್ಚಿನಲ್ಲಿ ‘ರ’ ಅಕ್ಷರವನ್ನು ಪೂರ್ಣವಾಗಿ ಕೊರೆದರೆ ಅದರ ಒಡಲಿನೊಳಗಣ ತಗಡು ಆಧಾರವಿಲ್ಲದೆ ಕೆಳಗೆ ಬೀಳುತ್ತದೆ. ಉಳಿಯುವುದು ಬರಿಯ ತೂತು. ಅನುಸ್ವಾರದ ಸೊನ್ನೆಗೂ, ರೋಮನ್ ಲಿಪಿಯ ‘ಓ’, ‘ಬಿ’ ಮೊದಲಾದ ಅಕ್ಷರಗಳಿಗೂ ಇದೇ ಗತಿ. ಆದುದರಿಂದ ಈ ನಡುಗಡ್ಡೆಯನ್ನು ಹೊರತಗಡಿಗೆ ಬಂಧಿಸುವ ಸಣ್ಣ ಕೊಂಡಿಗಳನ್ನು ಕೊರೆಯದೆ ಬಿಡುತ್ತಾರೆ. 1781ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಪ್ಯಾರಿಸ್ಸಿನ ಬೆರಿ ಎಂಬ ಕುಶಲಕರ್ಮಿಯಿಂದ ಕೊಂಡ ಅಕ್ಷರದ ತಗಡುಗಳು ಈ ಕಲೆಯ ಪ್ರಸಿದ್ಧ ನಿದರ್ಶನಗಳಲ್ಲೊಂದು. ಕೊಂಡಿಯಿಂದಾಗುವ ಬಿರುಕಿಗೆ ಓದುಗರ ಕಣ್ಣು ಎಷ್ಟು ಒಗ್ಗಿತೆಂದರೆ, 1937ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಸ್ಟೆನ್ಸಿಲ್’ ಎಂಬ ಅಚ್ಚುಮೊಳೆಗಳಲ್ಲಿ, ಅಗತ್ಯವಿಲ್ಲದಿದ್ದರೂ, ಅದೇ ಬಿರುಕನ್ನು ಅಲಂಕಾರವಾಗಿ ಉಳಿಸಿಕೊಳ್ಳಲಾಯಿತು.

‘ಠ’ಕಾರದ ವಿಷಯ ಇನ್ನೂ ಸೂಕ್ಷ್ಮವಾದುದು. ‘ರ’ಕಾರದ ಒಡಲಿನೊಳಗೆ ಚುಕ್ಕೆಯಿಟ್ಟರೆ ‘ಠ’ಕಾರ. ಕೊರೆಯಚ್ಚಿನಲ್ಲಿ ನಡುಗಡ್ಡೆಯನ್ನು ಕೊಂಡಿಗಳಿಂದ ನಿಲ್ಲಿಸಿ, ಅದರ ಮಧ್ಯದಲ್ಲಿ ಮತ್ತೆ ಚುಕ್ಕೆಯನ್ನು ಕೊರೆಯಬೇಕು. ಅಕ್ಷರ ಚಿಕ್ಕದಾದರೆ ಚುಕ್ಕೆಯ ಸುತ್ತ ಲೋಹವೇ ಉಳಿಯದು. ಎರಡನೆಯ ಕ್ರಮದಲ್ಲಿ ‘ರ’ಕಾರಕ್ಕೆ ಯಾವ ತೊಂದರೆಯೂ ಇಲ್ಲ; ಆದರೆ ‘ಠ’ಕಾರದ ಚುಕ್ಕೆ ಈಗ ತಾನೇ ಬಿಡಿತುಂಡಾಗುತ್ತದೆ. ಹಿಂದೆ ಫಲಕವಿದ್ದರೆ ಅದನ್ನು ಬೇರೆಯಾಗಿ ಅಂಟಿಸಬಹುದು. ಬಾಗಿಲ ಕಮಾನಿನ ಮೇಲೆ ಬಯಲಿನಲ್ಲಿ ನಿಲ್ಲುವ ಅಕ್ಷರಕ್ಕೆ ಆ ಅನುಕೂಲವಿಲ್ಲ. ಅಲ್ಲಿಯೂ ಕೊಂಡಿಯೇ ಗತಿ. ಹೀಗೆ ಎರಡು ಕ್ರಮಗಳಲ್ಲಿಯೂ ಕೊಂಡಿಯನ್ನು ಬೇಡುವ ಅಕ್ಷರವಿದು.

ಇದು ಕೇವಲ ಅಂದದ ಪ್ರಶ್ನೆಯಲ್ಲ. ಚುಕ್ಕೆ ಕಳಚಿದರೆ ‘ಮಠ’ವು ‘ಮರ’ವಾಗುತ್ತದೆ, ‘ಪಾಠ’ವು ‘ಪಾರ’ವಾಗುತ್ತದೆ. ರೋಮನ್ ‘ಓ’ಕಾರದ ನಡುಗಡ್ಡೆ ಬಿದ್ದರೂ ಪದವನ್ನು ಊಹಿಸಿ ಓದಬಹುದು, ಇಲ್ಲಿಯಾದರೋ ತಪ್ಪಾದ ರೂಪವೂ ಅರ್ಥವುಳ್ಳ ಪದವೇ ಆಗಿರುವುದರಿಂದ ಓದುಗನಿಗೆ ಸಂದೇಹವೇ ಹುಟ್ಟದು. ಕೊಂಡಿಯ ಸ್ಥಾನಕ್ಕೂ ಇದೇ ವಿವೇಕ ಬೇಕು. ದ, ಡ, ಪಗಳನ್ನು ಧ, ಢ, ಫಗಳಿಂದ ಬೇರ್ಪಡಿಸುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳು. ಆದಕಾರಣ ಅಕ್ಷರದ ಅಡಿಯನ್ನು ಬಿಟ್ಟು, ಎಡಬಲಗಳಲ್ಲಿ ಕೊಂಡಿಗಳನ್ನಿಡುವುದು ಲೇಸು.

ಇಂದು ಗಣಕಯಂತ್ರದ ನಿರ್ದೇಶನದಲ್ಲಿ ಲೇಸರ್ ಕಿರಣವು ಕ್ಷಣಮಾತ್ರದಲ್ಲಿ ತಗಡನ್ನು ಕೊಯ್ಯುತ್ತದೆ. ಆದರೂ ಆಧಾರವಿಲ್ಲದ ತುಂಡು ಬೀಳುವುದು ತಪ್ಪಿಲ್ಲ. ಕೊಂಡಿಯನ್ನು ಎಲ್ಲಿಡಬೇಕೆಂಬುದನ್ನು ಇಂದಿಗೂ ಲಿಪಿಯನ್ನು ಬಲ್ಲವನೇ ನಿರ್ಣಯಿಸಬೇಕಾಗಿದೆ.