ಪಿನ್ ಕೂಡಿತೆಂದು ಚಾರ್ಜಿಗೆ ಹಚ್ಚಬೇಡಿ

ಅಕ್ಕಲಕೋಟೆ: ತೊಗರಿ ಹೂವಿಗೆ ಬಂತೆಂದರೆ ಎಣ್ಣೆ ಹೊಡೆಯುವ ಬ್ಯಾಟರಿ ಪಂಪು ನಮ್ಮ ಗಡಿಹಳ್ಳಿಗಳಲ್ಲಿ ಮನೆಯಿಂದ ಮನೆಗೆ ತಿರುಗುತ್ತದೆ. ಪಂಪು ಒಬ್ಬರದು, ಚಾರ್ಜರ್ ಇನ್ನೊಬ್ಬರದು. ಪಿನ್ ಕೂಡಿದರೆ ಸಾಕು, ರಾತ್ರಿ ಹಚ್ಚಿ ಮಲಗಿಬಿಡುತ್ತೇವೆ. ಅಪಾಯ ಇರುವುದು ಇಲ್ಲಿಯೇ.

ಹಳೆಯ ಪಂಪುಗಳಲ್ಲಿ 12 ವೋಲ್ಟಿನ ಭಾರವಾದ ಸೀಸದ ಬ್ಯಾಟರಿ ಇರುತ್ತದೆ. ಅದು ತುಂಬಲು ಸುಮಾರು 14.4 ವೋಲ್ಟ್ ಬೇಕು. ಹೊಸ ಪಂಪುಗಳಲ್ಲಿ ಹಗುರವಾದ ಲಿಥಿಯಂ ಬ್ಯಾಟರಿ ಬರುತ್ತಿದೆ. ಅದರಲ್ಲಿ ಮೂರು ಸೆಲ್ ಸಾಲಾಗಿ ಇದ್ದರೆ ಮಿತಿ 12.6 ವೋಲ್ಟ್, ಅಂದರೆ ಸೆಲ್ಲಿಗೆ 4.2. ಇದಕ್ಕೆ ಸೀಸದ ಬ್ಯಾಟರಿಯ ಚಾರ್ಜರ್ ಹಚ್ಚಿದರೆ ಒಂದೊಂದು ಸೆಲ್ಲಿಗೂ 4.8 ವೋಲ್ಟಿನವರೆಗೆ ಹೋಗಬಹುದು. ಒಳಗಿನ ರಕ್ಷಣಾ ಬೋರ್ಡು ಸರಿಯಿದ್ದರೆ ತಡೆಯುತ್ತದೆ. ಅದು ಕೆಟ್ಟಿದ್ದರೆ ಸೆಲ್ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು.

2005ರ ಸುಮಾರಿನ ಭಾರನಿಯಮನದ ದಿನಗಳು ನಿಮಗೆ ನೆನಪಿರಬಹುದು. ಆಗ ಮೊಬೈಲಿನ ಬ್ಯಾಟರಿ ತೆಗೆದು ಕ್ಲಿಪ್ಪಿಗೆ ಸಿಕ್ಕಿಸುವ ಯೂನಿವರ್ಸಲ್ ಚಾರ್ಜರ್ ಮನೆಮನೆಗೂ ಬಂದಿತ್ತು. ನೋಕಿಯಾಕ್ಕೂ ಅದೇ, ಸ್ಯಾಮ್‌ಸಂಗಿಗೂ ಅದೇ. ಅದು ನಡೆಯಿತು, ಏಕೆಂದರೆ ಆಕಾರ ಬೇರೆಯಾದರೂ ಅವೆಲ್ಲ ಒಂದೇ ಜಾತಿಯ, ಒಂದೇ ಸೆಲ್ಲಿನ ಲಿಥಿಯಂ ಬ್ಯಾಟರಿಗಳು. ಎಲ್ಲಕ್ಕೂ ಒಂದೇ ಚಾರ್ಜರ್ ಎಂಬ ಭ್ರಮೆ ನಮ್ಮಲ್ಲಿ ಬೇರೂರಿದ್ದು ಆಗಲೇ ಇರಬೇಕು.

ಹಾಗಾದರೆ ಬೇರೆ ಬೇರೆ ಜಾತಿಯ ಬ್ಯಾಟರಿಗೆ ಒಂದೇ ಚಾರ್ಜರ್ ಕಟ್ಟಲು ಬರುವುದಿಲ್ಲವೇ? ಬರುತ್ತದೆ. ಆದರೆ ಮುಂದಿರುವುದು ಯಾವ ಬ್ಯಾಟರಿ ಎಂದು ಅದಕ್ಕೆ ನಾವೇ ಹೇಳಬೇಕು. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್, ಒಂದು ಮಲ್ಟಿಮೀಟರ್, ಒಂದು ಸಿಸಿ-ಸಿವಿ ಬೋರ್ಡು ಬೇಕು. ಈ ಬೋರ್ಡಿನಲ್ಲಿ ವೋಲ್ಟೇಜಿಗೊಂದು, ಕರೆಂಟಿಗೊಂದು ತಿರುಪು ಇರುತ್ತದೆ. ಬ್ಯಾಟರಿ ಜೋಡಿಸುವ ಮೊದಲೇ ಎರಡನ್ನೂ ಹೊಂದಿಸಬೇಕು: ಸೀಸಕ್ಕೆ 14.4, ಮೂರು ಸೆಲ್ಲಿನ ಲಿಥಿಯಂಗೆ 12.6. ಕರೆಂಟು 8 ಆಂಪಿಯರ್-ಅವರ್ ಬ್ಯಾಟರಿಗೆ 0.8 ಆಂಪಿಯರ್ ಸಾಕು. ರಕ್ಷಣಾ ಬೋರ್ಡು ಇಲ್ಲದ ಲಿಥಿಯಂ ಪ್ಯಾಕನ್ನು ಇದಕ್ಕೆ ಹಚ್ಚಲೇಬಾರದು. ಇನ್ನೊಂದು ಮಾತು: ಲೈಟು ಹೋದರೆ ಬ್ಯಾಟರಿಯ ವೈರ್ ಬಿಚ್ಚಿಡಿ. ಇಲ್ಲವಾದರೆ ಕೆಲವು ಬೋರ್ಡುಗಳಲ್ಲಿ ಬ್ಯಾಟರಿಯ ಕರೆಂಟೇ ಹಿಂದಕ್ಕೆ ಹರಿದು ಬ್ಯಾಟರಿ ಇಳಿಯುತ್ತದೆ.

ಟಾರ್ಚಿಗೆ, ಕಾರ್ಡ್‌ಲೆಸ್ ಫೋನಿಗೆ ಹಾಕುವ 1.2 ವೋಲ್ಟಿನ ನಿಕಲ್ ಸೆಲ್ಲುಗಳ ರೀತಿಯೇ ಬೇರೆ. ಅಲ್ಲಿ ವೋಲ್ಟೇಜ್ ನೋಡಿ ನಿಲ್ಲಿಸಲು ಬರುವುದಿಲ್ಲ; ಕರೆಂಟನ್ನು ಕಟ್ಟಿಹಾಕಿ ಗಡಿಯಾರ ನೋಡಬೇಕು. 2000 ಮಿಲಿಆಂಪಿಯರ್-ಅವರ್ ಸೆಲ್ಲಿಗೆ 200 ಮಿಲಿಆಂಪಿಯರ್, 14ರಿಂದ 16 ತಾಸು. ಎಲ್‌ಎಂ317 ಎಂಬ ಅಗ್ಗದ ಐಸಿಗೆ 6.2 ಓಮ್ ರೆಸಿಸ್ಟರ್ ಹಾಕಿದರೆ ಅಷ್ಟೇ ಕರೆಂಟು ಬರುತ್ತದೆ. ಲೆಕ್ಕ ಸುಲಭ, 1.25ನ್ನು ಓಮಿನಿಂದ ಭಾಗಿಸುವುದು. ಬಿ.ಎ. ಓದಿದ ನನಗೇ ತಿಳಿದ ಮೇಲೆ ನಿಮಗೆ ಕಷ್ಟವಾಗದು.

ಈಗ ಟೈಪ್-ಸಿ ಬಂದಿದೆಯಲ್ಲ ಎನ್ನಬಹುದು. ಯುರೋಪ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲುಗಳಿಗೆ ಅದನ್ನೇ ಕಡ್ಡಾಯ ಮಾಡಿದೆ. ಆದರೆ ಮೊಬೈಲನ್ನು ಚಾರ್ಜ್ ಮಾಡುವ ಸರ್ಕ್ಯೂಟ್ ಮೊಬೈಲಿನ ಒಳಗೇ ಇರುತ್ತದೆ, ಗೋಡೆಗೆ ಚುಚ್ಚುವ ಅಡಾಪ್ಟರ್ ಕರೆಂಟು ಒದಗಿಸುತ್ತದೆ ಅಷ್ಟೆ. ಪಂಪಿನ ಬ್ಯಾಟರಿಯಲ್ಲಿ ಅಂಥ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ.

ಹಗುರ ಬ್ಯಾಟರಿಗಳೆಲ್ಲ ಒಂದೇ ಎಂದೂ ತಿಳಿಯಬೇಡಿ. ನಾಲ್ಕು ಸೆಲ್ಲಿನ ಲಿಥಿಯಂ ಫಾಸ್ಫೇಟಿಗೆ ಮಿತಿ 14.6 ವೋಲ್ಟ್. ಪಂಪು ಎರವಲು ತರುವಾಗ ಅದರ ಚಾರ್ಜರನ್ನೂ ಕೇಳಿ ತನ್ನಿ. ಸಿಗದಿದ್ದರೆ ಬ್ಯಾಟರಿಯ ಚೀಟಿ ಓದಿ. ಚೀಟಿ ಹರಿದುಹೋಗಿದ್ದರೆ ರಿಪೇರಿಯವರಿಗೆ ತೋರಿಸಿಯೇ ಹಚ್ಚಿ.